ಪೆನ್ನು ಮೊದಲೋ, ಲ್ಯಾಪ್‌ಟಾಪ್ ಮೊದಲೋ? ವಿದ್ಯುತ್ ಜಾಲದ ಸಂಶೋಧನೆಗೆ ದಾರಿ ಆರಿಸಿಕೊಳ್ಳುವವರಿಗೆ

ವಿದ್ಯುತ್ ಜಾಲದ ಪ್ರಶ್ನೆಯನ್ನು ಕಾಗದದ ಮೇಲೆ ಗಣಿತದಿಂದ ಬಿಡಿಸಬೇಕೋ, ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕೋ ಅನ್ನುವುದರ ಬಗ್ಗೆ ಈ ಬರಹ. ಹೋದ ವರ್ಷದ ಮಾತು. ತುಮಕೂರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಎಂ.ಟೆಕ್. ಹುಡುಗನೊಬ್ಬ ಬೆಳಿಗ್ಗೆ ಒಂಬತ್ತಕ್ಕೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು. "ಮೇಡಂ, ರಾತ್ರಿಯೆಲ್ಲ ಕೂತಿದ್ದೀನಿ, ಕನ್ವರ್ಜ್ ಆಗ್ತಾನೇ ಇಲ್ಲ" ಅಂದ. ಅಂದರೆ ಪ್ರೋಗ್ರಾಂ ಮತ್ತೆಮತ್ತೆ ಲೆಕ್ಕ ಹಾಕಿದರೂ ಒಂದು ಉತ್ತರಕ್ಕೆ ಬಂದು ನಿಲ್ಲುತ್ತಿಲ್ಲ.

ಮಧುಗಿರಿ ಕಡೆಯ ಹುಡುಗ. ಮನೆಯಲ್ಲಿ ಎರಡು ಬೋರ್‌ವೆಲ್ ಇವೆ. ಲೋ ವೋಲ್ಟೇಜಿಗೆ ಮೋಟ್ರಿನ ವೈಂಡಿಂಗ್ ಸುಟ್ಟು ಹೋಗುವುದನ್ನು ಚಿಕ್ಕಂದಿನಿಂದ ನೋಡಿದವನು. ಹಾಗಾಗಿ ಪ್ರಾಜೆಕ್ಟಿಗೂ ಅದನ್ನೇ ಆರಿಸಿಕೊಂಡಿದ್ದ. ಒಂದು ಮಾದರಿ ಫೀಡರ್ (ಸಬ್‌ಸ್ಟೇಷನ್ನಿನಿಂದ ಹಳ್ಳಿಗಳಿಗೆ ಬರುವ ಲೈನು): 11 ಕೆವಿ, 10 ಕಿಲೋಮೀಟರ್, ರ‍್ಯಾಬಿಟ್ ಕಂಡಕ್ಟರ್ ಅನ್ನುವ ತಂತಿ. ಶುರುವಿಗೆ ಸುಲಭವಾಗಲಿ ಅಂತ ಪಂಪ್‌ಸೆಟ್ ಲೋಡೆಲ್ಲ ಫೀಡರಿನ ತುದಿಯಲ್ಲೇ ಇದೆ ಅಂತಿಟ್ಟುಕೊಂಡಿದ್ದ. 2 ಮೆಗಾವ್ಯಾಟ್, ಪವರ್ ಫ್ಯಾಕ್ಟರ್ 0.85. ಲೋಡ್ ಫ್ಲೋ, ಅಂದರೆ ಎಲ್ಲೆಲ್ಲಿ ಎಷ್ಟು ವೋಲ್ಟೇಜ್ ಅಂತ ಹೇಳುವ ಪ್ರೋಗ್ರಾಂ, ಓಡಿಸಿದರೆ ತುದಿಯಲ್ಲಿ 9.35 ಕೆವಿ ಬಂತು. ಮುಂದೆ ಬೋರ್‌ವೆಲ್ ಜಾಸ್ತಿ ಆಗುತ್ತವಲ್ಲ, ಲೋಡು ಎರಡರಷ್ಟಾದರೆ ನೋಡೋಣ ಅಂತ 4 ಮೆಗಾವ್ಯಾಟ್ ಹಾಕಿದ. ಪ್ರೋಗ್ರಾಂ ಕೈ ಎತ್ತಿತು.

ಆಮೇಲೆ ಅವನು ಮಾಡಿದ್ದನ್ನು ಈ ಕ್ಷೇತ್ರದಲ್ಲಿ ಇರುವವರೆಲ್ಲ ಒಂದಲ್ಲ ಒಂದು ರಾತ್ರಿ ಮಾಡಿದ್ದೇವೆ. ಇಟರೇಷನ್ (ಲೆಕ್ಕದ ಸುತ್ತು) 20 ಇದ್ದದ್ದನ್ನು 500 ಮಾಡಿದ. ಟಾಲರೆನ್ಸ್ (ಎಷ್ಟು ತಪ್ಪಿದ್ದರೂ ಸಾಕು ಅನ್ನುವ ಮಿತಿ) ಸಡಿಲ ಮಾಡಿದ. ಲೆಕ್ಕದ ಶುರುವಿಗೆ ಇಟ್ಟುಕೊಂಡ ಅಂದಾಜು ವೋಲ್ಟೇಜ್ ಬದಲಿಸಿದ. ಬೆಳಗಿನ ಜಾವ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದ.

ನಾನು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮಗುಚಿ ಅದರ ಬೆನ್ನಿಗೆ ನಾಲ್ಕು ಸಾಲು ಗೀಚಿದೆ. ನೀವೂ ಜೊತೆಗೆ ಗೀಚಿ. ರ‍್ಯಾಬಿಟ್ ತಂತಿಗೆ ಕಿಲೋಮೀಟರಿಗೆ ಸುಮಾರು 0.54 ಓಮ್ ರೆಸಿಸ್ಟೆನ್ಸ್, 10 ಕಿಲೋಮೀಟರಿಗೆ 5.4. ರಿಯಾಕ್ಟೆನ್ಸ್ (ಎ.ಸಿ.ಗೆ ಮಾತ್ರ ಬರುವ ತಡೆ) ಸುಮಾರು 3.7 ಅಂತಿಟ್ಟುಕೊಳ್ಳಿ. ಲೋಡು 2 ಮೆಗಾವ್ಯಾಟ್ ಇದ್ದಾಗ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಮೋಟ್ರಿಗೂ ಲೈನಿಗೂ ನಡುವೆ ಓಡಾಡುವ ಪವರ್), 0.85 ಪವರ್ ಫ್ಯಾಕ್ಟರಿನ ಲೆಕ್ಕದಲ್ಲಿ, 1.24 ಮೆಗಾವಾರ್. ಈಗ 2 ಗುಣಿಸು 5.4, ಅದಕ್ಕೆ 1.24 ಗುಣಿಸು 3.7 ಕೂಡಿಸಿ. 15.4 ಬಂತು. ತುದಿಯ ವೋಲ್ಟೇಜನ್ನು ದಾರಿಯಲ್ಲಿ ಬಿದ್ದುಹೋದ ವೋಲ್ಟೇಜಿನಿಂದ ಗುಣಿಸಿದರೆ ಹೆಚ್ಚುಕಮ್ಮಿ ಈ ಸಂಖ್ಯೆಯೇ ಬರಬೇಕು. ಎರಡನ್ನೂ ಕೂಡಿದರೆ 11 ಆಗಬೇಕು. 9.35 ಮತ್ತು 1.65 ತೊಗೊಂಡರೆ ಸರಿಯಾಗಿ ಕೂರುತ್ತದೆ.

ಲೋಡು ಎರಡರಷ್ಟಾದರೆ 15.4 ಹೋಗಿ 30.8 ಆಗುತ್ತದೆ. ಅಂದರೆ 11ನ್ನು ಎರಡು ಭಾಗ ಮಾಡಿ, ಅವನ್ನು ಗುಣಿಸಿ 30.8 ತರಬೇಕು. ಆಗುತ್ತಾ? ಸರಿ ಅರ್ಧ ಮಾಡಿದರೆ 5.5 ಗುಣಿಸು 5.5, 30.25. ಅದಕ್ಕಿಂತ ದೊಡ್ಡದು ಬರಲು ಸಾಧ್ಯವೇ ಇಲ್ಲ. ಅಷ್ಟೇ ಕಥೆ. ಆ ಫೀಡರಿಗೆ 3.9 ಮೆಗಾವ್ಯಾಟ್ ದಾಟಿದರೆ ಉತ್ತರವೇ ಇಲ್ಲ. ಇಲ್ಲದ ಉತ್ತರ ಹುಡುಕು ಅಂತ ಅವನು ಲ್ಯಾಪ್‌ಟಾಪನ್ನು ರಾತ್ರಿಯಿಡೀ ದುಡಿಸಿದ್ದ.

(ನಿಜವಾದ ಊರಿನಲ್ಲಾದರೆ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ ಅನ್ನಿ. ಅದಕ್ಕೂ ಮುಂಚೆ ಫ್ಯೂಸ್ ಹಾರಿ, ಲೈನ್‌ಮನ್‌ಗೆ ಫೋನ್ ಹೋಗಿರುತ್ತಿತ್ತು.)

ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು "ಮೇಡಂ, ಸಿಮ್ಯುಲೇಷನ್ ಮಾಡ್ಲಾ, ಅನಲಿಟಿಕಲ್ ಮಾಡ್ಲಾ?" ಅಂತ ಕೇಳುತ್ತಾರೆ. ಸಿಮ್ಯುಲೇಷನ್ ಅಂದರೆ ಜಾಲವನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು, ಅನಲಿಟಿಕಲ್ ಅಂದರೆ ಕಾಗದದ ಮೇಲಿನ ಗಣಿತ. ಯಾವುದು ಮೇಲು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಪ್ರಶ್ನೆ ಏನು ಅಂತ ಹೇಳಿದರೆ ಉತ್ತರ ಇದೆ.

ಪ್ರಶ್ನೆ ಯಾವ ಜಾತಿಯದು?

"ಎಲ್ಲಿಯವರೆಗೆ?", "ಯಾಕೆ?", "ಯಾವ ಲೋಡ್ ಬಂದರೂ ನಿಲ್ಲುತ್ತಾ?" ಇಂಥ ಪ್ರಶ್ನೆಗಳು ಗಣಿತದವು. ಮೇಲಿನ ನಾಲ್ಕು ಸಾಲು 10 ಕಿಲೋಮೀಟರಿಗೂ ಹೇಳಿತು, 7 ಕಿಲೋಮೀಟರ್ ಆದರೆ ಏನಾಗುತ್ತದೆ ಅಂತಲೂ ಅದರಲ್ಲೇ ಇದೆ. ಮಿತಿ ಎಲ್ಲಿದೆ, ಯಾವುದು ಹೆಚ್ಚಾದರೆ ಮಿತಿ ಹತ್ತಿರ ಬರುತ್ತದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಸಿಮ್ಯುಲೇಷನ್ ಒಂದು ಸಲ ಓಡಿದರೆ ಒಂದು ಉತ್ತರ ಕೊಡುತ್ತದೆ. ಸಾವಿರ ಸಲ ಓಡಿಸಿ ಸಾವಿರ ಸಲವೂ ಸ್ಥಿರವಾಗಿದ್ದರೂ ಸಾವಿರದ ಒಂದನೆಯದರ ಬಗ್ಗೆ ಗ್ಯಾರಂಟಿ ಇಲ್ಲ. ಆದರೆ ಒಂದೇ ಒಂದು ಸಲ ಬಿದ್ದರೆ ಸಾಕು, "ಯಾವಾಗಲೂ ನಿಲ್ಲುತ್ತದೆ" ಅನ್ನುವ ಮಾತು ಸುಳ್ಳಾಯಿತು. ತಪ್ಪು ಹಿಡಿಯಲು ಸಿಮ್ಯುಲೇಷನ್ ಬಲು ಗಟ್ಟಿ, ಸಾಬೀತು ಮಾಡಲು ಅಲ್ಲ.

"ಈ ಫೀಡರಿನಲ್ಲಿ, ಈ ಹೊತ್ತಿಗೆ, ಇಷ್ಟು ಮೋಟ್ರು ಒಟ್ಟಿಗೆ ಸ್ಟಾರ್ಟ್ ಆದರೆ ಏನಾಗುತ್ತೆ?" ಇದು ಸಿಮ್ಯುಲೇಷನ್ ಪ್ರಶ್ನೆ. ನಮ್ಮ ಕಡೆ ರೈತರು ಆಟೋ ಸ್ಟಾರ್ಟರ್ ಹಾಕಿಸಿರುತ್ತಾರೆ. ನಡುರಾತ್ರಿ ತ್ರೀ ಫೇಸ್ ಬಂದರೆ ಹೊಲಕ್ಕೆ ಹೋಗಿ ಬಟನ್ ಒತ್ತುವವರು ಯಾರು? ಕರೆಂಟು ಬಂದ ಕೂಡಲೇ ಹತ್ತಾರು ಮೋಟ್ರು ಒಮ್ಮೆಗೇ ಏಳುತ್ತವೆ, ಎದ್ದೇಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತವೆ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕೆಲವರು ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟ್ರು ಓಡಿಸುತ್ತಾರೆ. ಆಗ ಮೂರು ಫೇಸಿನ ಸಮತೂಕವೇ ಹೋಯಿತು. ಫೀಡರಿನ ಒಂದು ಕವಲಲ್ಲಿ ರ‍್ಯಾಬಿಟ್, ಇನ್ನೊಂದರಲ್ಲಿ ಅದಕ್ಕಿಂತ ಸಣ್ಣ ವೀಸಲ್. ಇದನ್ನೆಲ್ಲ ಪೆನ್ನಿನಲ್ಲಿ ಮಾಡಲು ಕೂತರೆ ಮೂರನೇ ದಿನಕ್ಕೆ ಪೆನ್ನು ಬಿಸಾಕುತ್ತೀರಿ. ಓಪನ್‌ಡಿಎಸ್‌ಎಸ್ ಥರದ ಸಾಫ್ಟ್‌ವೇರಿನಲ್ಲಿ ಒಂದೊಂದು ಫೇಸನ್ನೂ ಬೇರೆಬೇರೆ ಹಾಕಿ, ಇಡೀ ದಿನದ ಲೋಡನ್ನು ಗಂಟೆಗಂಟೆಗೆ ಓಡಿಸಿ ನೋಡಬಹುದು.

ಇಲ್ಲೂ ಗಣಿತಕ್ಕೆ ಸಣ್ಣ ಕೆಲಸ ಇದೆ. ಲೋಡು ತುದಿಯಲ್ಲಿರದೆ ಫೀಡರ್ ಉದ್ದಕ್ಕೂ ಸಮವಾಗಿ ಹರಡಿದ್ದರೆ ವೋಲ್ಟೇಜ್ ಇಳಿಕೆ ಅರ್ಧಕ್ಕೆ ಬರುತ್ತದೆ, ನಷ್ಟ ಮೂರನೇ ಒಂದು ಭಾಗಕ್ಕೆ. ಇದು ಕಾಗದದ ಮೇಲೆ ಎರಡು ಇಂಟಿಗ್ರೇಷನ್, ಅಷ್ಟೇ. ನಿಜವಾದ ಫೀಡರಿನ ಉತ್ತರ ತುದಿ ಲೆಕ್ಕಕ್ಕೂ ಸಮ ಲೆಕ್ಕಕ್ಕೂ ನಡುವೆ ಎಲ್ಲೋ ಬೀಳುವುದೇ ಜಾಸ್ತಿ. ಸಾಫ್ಟ್‌ವೇರಿನ ಉತ್ತರ ಇವೆರಡರಿಂದ ಬಹಳ ದೂರ ಹೋದರೆ ನಾನು ಮೊದಲು ನೋಡುವುದು ಡೇಟಾ ಹಾಕಿದವರ ಮುಖ.

ಕೋಲಾರದ ಎರಡು ತಂತಿ

ಪೆನ್ನಿನ ಕಾಲಕ್ಕೂ ಕಂಪ್ಯೂಟರಿನ ಕಾಲಕ್ಕೂ ಹೋಲಿಕೆಗೆ ನಮ್ಮ ಕೋಲಾರ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂತು, ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಅದು ಲೋಕದಲ್ಲೇ ಉದ್ದನೆಯ ಲೈನುಗಳ ಸಾಲಿನಲ್ಲಿತ್ತು. ಕಂಪ್ಯೂಟರ್ ಅನ್ನುವ ಯಂತ್ರವೇ ಇಲ್ಲದ ದಿನಗಳು. ಎ.ಸಿ. ಸರ್ಕ್ಯೂಟನ್ನು ಕಾಂಪ್ಲೆಕ್ಸ್ ಸಂಖ್ಯೆಗಳಲ್ಲಿ ಲೆಕ್ಕ ಹಾಕುವ ದಾರಿಯನ್ನು ಸ್ಟೈನ್‌ಮೆಟ್ಜ್ ತೋರಿಸಿ ಇನ್ನೂ ಹತ್ತು ವರ್ಷ ಕೂಡ ಆಗಿರಲಿಲ್ಲ. ಮೂರು ಫೇಸ್ ಸಮ ಇಲ್ಲದಾಗ ಬಿಡಿಸುವ ಫೋರ್ಟೆಸ್ಕ್ಯೂ ವಿಧಾನ ಬಂದದ್ದು 1918ರಲ್ಲಿ. ಸಿಂಕ್ರೊನಸ್ ಯಂತ್ರಕ್ಕೆ (ದೊಡ್ಡ ಜನರೇಟರುಗಳ ಜಾತಿ) ಪಾರ್ಕ್ ಅವರ ಪರಿವರ್ತನೆ 1929ರಲ್ಲಿ. ಇವೆಲ್ಲ ಕೈಲೆಕ್ಕದ ಕಾಲದ ಆಸ್ತಿ. ಇವತ್ತು ನೀವು ಮೌಸ್ ಎಳೆದು ಹಾಕುವ ಜನರೇಟರ್ ಬ್ಲಾಕಿನ ಹೊಟ್ಟೆಯಲ್ಲಿ ಕೂತಿರುವುದು ಅದೇ ಪಾರ್ಕ್ ಸಮೀಕರಣ.

ಅದೇ ಜಿಲ್ಲೆಗೆ ನೂರೊಂದು ವರ್ಷ ಕಳೆದು, 2003ರಲ್ಲಿ, ಇನ್ನೊಂದು ತಂತಿ ಬಂತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿ.ಸಿ.) ಲೈನ್. ಪ್ಲಸ್ ಮೈನಸ್ 500 ಕೆವಿ, 2000 ಮೆಗಾವ್ಯಾಟ್. ಎ.ಸಿ.ಯನ್ನು ಡಿ.ಸಿ. ಮಾಡಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕಳಿಸಿ, ಇಲ್ಲಿ ಮತ್ತೆ ಎ.ಸಿ. ಮಾಡುವುದು. ಈ ಬದಲಾವಣೆ ಮಾಡುವ ಥೈರಿಸ್ಟರುಗಳು (ಎಲೆಕ್ಟ್ರಾನಿಕ್ ಸ್ವಿಚ್ಚುಗಳು) ಒಂದು ಸೈಕಲಿನೊಳಗೇ ಸರದಿಯಂತೆ ಆನ್ ಆಗುತ್ತವೆ, ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಈ ಕಡೆ ಎ.ಸಿ. ಬಸ್‌ಬಾರಿನಲ್ಲಿ (ಲೈನುಗಳು ಬಂದು ಸೇರುವ ಕಂಬಿ) ವೋಲ್ಟೇಜ್ ಒಂದು ಚೂರು ಕುಸಿದರೂ ಒಂದು ಥೈರಿಸ್ಟರಿನಿಂದ ಇನ್ನೊಂದಕ್ಕೆ ಕರೆಂಟು ಹೊರಳುವುದು ತಪ್ಪಬಹುದು. ಡಿ.ಸಿ. ಕಡೆಯ ಸರಾಸರಿ ಕರೆಂಟು, ಫೈರಿಂಗ್ ಆಂಗಲ್ (ಥೈರಿಸ್ಟರ್ ಸೈಕಲಿನ ಯಾವ ಹೊತ್ತಿಗೆ ಆನ್ ಆಗಬೇಕು ಅನ್ನುವುದು), ಇಷ್ಟು ಸೂತ್ರದಲ್ಲಿ ಸಿಗುತ್ತದೆ. ಫಾಲ್ಟ್ ಆದ ಆ ಹತ್ತು ಮಿಲಿಸೆಕೆಂಡಿನಲ್ಲಿ ಏನಾಯಿತು ಅಂದರೆ ಸೂತ್ರ ಸುಮ್ಮನಾಗುತ್ತದೆ. ಅಲ್ಲಿಗೆ ಇಎಂಟಿ (ಎಲೆಕ್ಟ್ರೋಮ್ಯಾಗ್ನೆಟಿಕ್ ಟ್ರಾನ್ಸಿಯೆಂಟ್) ಸಿಮ್ಯುಲೇಷನ್ನೇ ಬೇಕು, ಅಲೆಯನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವಂಥದ್ದು. ಡೊಮ್ಮೆಲ್ 1969ರಲ್ಲಿ ಬರೆದು ತೋರಿಸಿದ ವಿಧಾನವೇ ಇವತ್ತಿಗೂ ಅದರ ಬುಡ. ಸಾಮಾನ್ಯವಾಗಿ 50 ಮೈಕ್ರೋಸೆಕೆಂಡಿಗೆ ಒಂದು ಹೆಜ್ಜೆ. ಒಂದು ಸೆಕೆಂಡಿಗೆ 20,000 ಹೆಜ್ಜೆ.

ಮಾತಿಗೆ ಮಾತು ಬಂತು, ಹೇಳಿಬಿಡುತ್ತೇನೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮ್ಮಲ್ಲಿ ಫ್ಯಾನ್ ತಿರುಗುತ್ತಿತ್ತು. ಆಗ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಸಿಂಕ್ರೊನಸ್ ಆಗಿ, ಅಂದರೆ ಎ.ಸಿ.ಯಲ್ಲಿ ಒಂದೇ ತಾಳಕ್ಕೆ, ಸೇರಿರಲಿಲ್ಲ. ಕೊಂಡಿ ಇದ್ದದ್ದು ತಾಲ್ಚೇರ್–ಕೋಲಾರದಂಥ ಎಚ್‌ವಿಡಿಸಿ ಮೂಲಕ. ಎ.ಸಿ.ಯಲ್ಲಿ ಸೇರಿದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೋಲಾಪುರ ಲೈನಿನಿಂದ.

ಪಾವಗಡದ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ಈಗ ಪವರ್ ಸಿಸ್ಟಂ ಪ್ರಾಜೆಕ್ಟ್ ಅಂದರೆ ಹತ್ತರಲ್ಲಿ ಆರೇಳು ಪಾವಗಡದ ಸೋಲಾರ್ ಪಾರ್ಕಿನ ಮೇಲೆಯೇ ಬರುತ್ತವೆ. ತಪ್ಪೇನಿಲ್ಲ. ತಿರುಮಣಿ ಸುತ್ತಿನ ಐದು ಹಳ್ಳಿ, ಸುಮಾರು 13,000 ಎಕರೆ, ರೈತರಿಂದ ಗುತ್ತಿಗೆಗೆ ಪಡೆದ ಜಮೀನು, 2050 ಮೆಗಾವ್ಯಾಟ್. ಮಳೆ ಇಲ್ಲದ ಸೀಮೆಗೆ ಬಿಸಿಲೇ ಬೆಳೆ ಆಯಿತು. ಇಲ್ಲಿ ಎರಡೂ ವಿಧಾನ ಹೇಗೆ ಹಂಚಿಕೊಳ್ಳುತ್ತವೆ ನೋಡಿ.

ಮೊದಲ ಪ್ರಶ್ನೆ: ಇಡೀ ಪಾರ್ಕ್ ಒಮ್ಮೆಗೇ ಟ್ರಿಪ್ ಆದರೆ ದೇಶದ ಫ್ರೀಕ್ವೆನ್ಸಿ ಎಷ್ಟು ಬೇಗ ಬೀಳುತ್ತದೆ? ಇದು ಸ್ವಿಂಗ್ ಸಮೀಕರಣದ (ಪವರ್ ಏರುಪೇರಾದರೆ ಜನರೇಟರ್ ವೇಗ ಹೇಗೆ ಬದಲಾಗುತ್ತದೆ ಅಂತ ಹೇಳುವಂಥದ್ದು) ಒಂದು ಸಾಲು. ಜಾಲದಲ್ಲಿ 2 ಲಕ್ಷ ಮೆಗಾವ್ಯಾಟ್ ತಿರುಗುತ್ತಿದೆ, ಸರಾಸರಿ ಇನರ್ಷಿಯಾ (ತಿರುಗುವ ಯಂತ್ರಗಳ ಜಡತ್ವ) 4 ಸೆಕೆಂಡ್ ಅಂತಿಟ್ಟುಕೊಳ್ಳಿ. ಹೋದ ಪವರ್ ಸುಮಾರು ನೂರಕ್ಕೆ ಒಂದು. ಅದನ್ನು 50ರಿಂದ ಗುಣಿಸಿ, 4ರ ಎರಡರಷ್ಟರಿಂದ ಭಾಗಿಸಿ. ಸೆಕೆಂಡಿಗೆ 0.06 ಹರ್ಟ್ಸ್. ಲ್ಯಾಪ್‌ಟಾಪ್ ಆನ್ ಆಗುವುದರೊಳಗೆ ಉತ್ತರ ಬಂತು. ಇನರ್ಷಿಯಾ ಅರ್ಧ ಆದರೆ ಬೀಳುವ ವೇಗ ಎರಡರಷ್ಟು ಅನ್ನುವುದೂ ಅದೇ ಸಾಲಿನಲ್ಲಿದೆ. ಸೋಲಾರ್ ಫಲಕದಲ್ಲಿ ತಿರುಗುವ ತೂಕವೇ ಇಲ್ಲವಲ್ಲ, ಹಾಗಾಗಿ ಈ ಮಾತು ಮುಖ್ಯ. ಕೊನೆಗೆ ಫ್ರೀಕ್ವೆನ್ಸಿ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಗವರ್ನರ್‌ಗಳ (ಟರ್ಬೈನಿನ ವೇಗ ಹಿಡಿದಿಡುವ ಸಾಧನಗಳು) ನಡತೆ ಬೇಕು. ಅದನ್ನು ಸಿಮ್ಯುಲೇಷನ್ನಿಗೆ ಬಿಡಿ.

ಎರಡನೆಯದು ಕಷ್ಟದ್ದು: ಹತ್ತಿರದ ಲೈನಿನಲ್ಲಿ ಫಾಲ್ಟ್ ಆದರೆ ಇನ್ವರ್ಟರುಗಳು (ಫಲಕದ ಡಿ.ಸಿ.ಯನ್ನು ಎ.ಸಿ. ಮಾಡುವಂಥವು) ಹಿಡಿದುಕೊಂಡು ನಿಲ್ಲುತ್ತವೆಯೇ? ಮೊದಲು ಕೈಯಲ್ಲಿ ಶಾರ್ಟ್ ಸರ್ಕ್ಯೂಟ್ ರೇಷಿಯೋ ತೆಗೆಯಿರಿ. ಪಾರ್ಕ್ ಸೇರುವ ಜಾಗದ ಶಾರ್ಟ್ ಸರ್ಕ್ಯೂಟ್ ಎಂವಿಎಯನ್ನು (ಅಲ್ಲಿ ಜಾಲ ಎಷ್ಟು ಗಟ್ಟಿ ಅನ್ನುವ ಅಳತೆ) ಪಾರ್ಕಿನ ಮೆಗಾವ್ಯಾಟಿನಿಂದ ಭಾಗಿಸಿದರೆ ಮುಗಿಯಿತು. 5ಕ್ಕಿಂತ ಮೇಲಿದ್ದರೆ ಮಿಲಿಸೆಕೆಂಡ್ ಹೆಜ್ಜೆಯ ಸಾಮಾನ್ಯ ಸ್ಟೆಬಿಲಿಟಿ ಪ್ರೋಗ್ರಾಂ ಬಹುಮಟ್ಟಿಗೆ ಸಾಕು. 3ಕ್ಕಿಂತ ಕೆಳಗೆ ಬಂದರೆ ಜಾಲ ಬಡಕಲು, ಇನ್ವರ್ಟರಿನ ಕಂಟ್ರೋಲು ತಾಳ ತಪ್ಪಬಹುದು, ಇಎಂಟಿಗೆ ಇಳಿಯಲೇಬೇಕು. ಒಂದು ಭಾಗಾಕಾರ ನಿಮ್ಮ ಎರಡು ತಿಂಗಳ ಕೆಲಸ ಯಾವ ಸಾಫ್ಟ್‌ವೇರಿನಲ್ಲಿ ಅಂತ ತೀರ್ಮಾನ ಮಾಡುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2016ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನಿಂದ ಲೈನುಗಳಲ್ಲಿ ಫಾಲ್ಟ್ ಆಯಿತು. ಅಲ್ಲಿನ ಸೋಲಾರ್ ಘಟಕಗಳಿಂದ ಸುಮಾರು 1200 ಮೆಗಾವ್ಯಾಟ್ ಕಳಚಿಕೊಂಡಿತು. ಜಾಲದ ಫ್ರೀಕ್ವೆನ್ಸಿ ಅಷ್ಟೇನೂ ಬಿದ್ದಿರಲಿಲ್ಲ. ಫಾಲ್ಟಿನ ಆ ಕ್ಷಣ ಅಲೆ ಸೊಟ್ಟಗಾದದ್ದನ್ನು ಎಷ್ಟೋ ಇನ್ವರ್ಟರುಗಳು ಫ್ರೀಕ್ವೆನ್ಸಿಯೇ ಕುಸಿದಂತೆ ಓದಿಕೊಂಡವು. ಅಲೆಯ ಆಕಾರವನ್ನೇ ಬಿಟ್ಟು ಬರೀ ಫೇಸರ್ (ಅಲೆಯ ಎತ್ತರ ಮತ್ತು ಕೋನ) ಇಟ್ಟುಕೊಂಡು ಓಡುವ ಪ್ರೋಗ್ರಾಮಿನಲ್ಲಿ ಇದು ಕಾಣುವುದಿಲ್ಲ, ಕೈಲೆಕ್ಕದಲ್ಲಂತೂ ಇಲ್ಲವೇ ಇಲ್ಲ.

ಸಿಮ್ಯುಲೇಷನ್ ಸುಳ್ಳು ಹೇಳಿದಾಗ

ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1996ರ ಆಗಸ್ಟ್ 10ರಂದು, ಅಮೆರಿಕದ ಪಶ್ಚಿಮದ ಜಾಲ ತೂಗಾಡಿ ತೂಗಾಡಿ ಒಡೆದುಹೋಯಿತು. ತೂಗಾಟ ಪ್ರತಿ ಸಲ ದೊಡ್ಡದಾಗುತ್ತಾ ಹೋದದ್ದು ರೆಕಾರ್ಡರಿನಲ್ಲಿ ಅಚ್ಚಾಗಿ ಬಂದಿತ್ತು. ಆಮೇಲೆ ಎಂಜಿನಿಯರುಗಳು ಅದೇ ಘಟನೆಯನ್ನು ತಮ್ಮ ಅಧಿಕೃತ ಮಾಡೆಲ್‌ನಲ್ಲಿ ಓಡಿಸಿದರು. ಪರದೆಯ ಮೇಲೆ ತೂಗಾಟ ನಿಧಾನಕ್ಕೆ ಇಳಿದು ತಣ್ಣಗಾಯಿತು. ಸಾಫ್ಟ್‌ವೇರಿನಲ್ಲಿ ದೋಷವಿರಲಿಲ್ಲ. ಗವರ್ನರ್, ಲೋಡು, ಎಚ್‌ವಿಡಿಸಿ ಮಾಡೆಲ್‌ಗಳು ನೆಲದ ಮೇಲಿನ ಸತ್ಯದಂತೆ ಇರಲಿಲ್ಲ. ಅವನ್ನು ತಿದ್ದಿದ ಮೇಲೆ ಎರಡೂ ಗ್ರಾಫು ಹೊಂದಿಕೊಂಡವು.

ನನಗೂ ಇದರ ಬಿಸಿ ತಾಗಿದೆ. ಒಂದು ಪತ್ರಿಕೆಗೆ ಕಳಿಸಿದ ನನ್ನ ಪೇಪರ್ ವಾಪಸ್ ಬಂತು. ಅದರಲ್ಲಿ ಬಣ್ಣಬಣ್ಣದ ಗ್ರಾಫುಗಳು ರಾಶಿ ಇದ್ದವು, ಯಾಕೆ ಹಾಗಾಗುತ್ತದೆ ಅನ್ನುವ ಒಂದು ಸಾಲೂ ಇರಲಿಲ್ಲ. ವಿಮರ್ಶಕರು ಕೇಳಿದ್ದು ಒಂದೇ, ನಿಮ್ಮ ಕಂಟ್ರೋಲರಿನ ಗೇಯ್ನ್ (ಅದು ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸಂಖ್ಯೆ) ಇಷ್ಟೇ ಯಾಕೆ? ನಿಜ ಹೇಳಬೇಕು ಅಂದರೆ, ಗ್ರಾಫು ಚೆನ್ನಾಗಿ ಕಂಡಿತು ಅಂತ ಇಟ್ಟಿದ್ದೆ. ಒಂದು ವಾರ ಸಿಟ್ಟು ಬಂತು. ಎರಡನೇ ವಾರ ಕೂತು ಐಗನ್ ವ್ಯಾಲ್ಯೂ (ವ್ಯವಸ್ಥೆ ಸ್ಥಿರವೋ ಅಲ್ಲವೋ ಅಂತ ಹೇಳುವ ಸಂಖ್ಯೆಗಳು) ತೆಗೆದೆ. ನಾನು ಇಟ್ಟ ಗೇಯ್ನ್ ಅಂಚಿನ ಮೇಲೇ ನಿಂತಿತ್ತು.

ಗಣಿತವೂ ಸುಳ್ಳು ಹೇಳುತ್ತದೆ, ಆದರೆ ಬೇರೆ ರೀತಿ. ಅದರ ಸುಳ್ಳು ಮೊದಲ ಪುಟದಲ್ಲೇ ಇರುತ್ತದೆ, "ಹೀಗಿದೆ ಅಂತಿಟ್ಟುಕೊಳ್ಳೋಣ" ಅನ್ನುವ ಸಾಲುಗಳಲ್ಲಿ. ರೆಸಿಸ್ಟೆನ್ಸ್ ಬಿಟ್ಟುಬಿಡೋಣ, ಕೋನ ಸಣ್ಣದು ಅನ್ನೋಣ, ಇವು 400 ಕೆವಿ ಲೈನಿಗೆ ಸರಿ. ಹಳ್ಳಿಯ 11 ಕೆವಿ ಫೀಡರಿನಲ್ಲಿ ರೆಸಿಸ್ಟೆನ್ಸ್ ರಿಯಾಕ್ಟೆನ್ಸಿಗಿಂತ ದೊಡ್ಡದು. ಪುಸ್ತಕದ ಸೂತ್ರವನ್ನು ಹಾಗೇ ಎತ್ತಿ ತಂದರೆ ಕೈ ಸುಡುತ್ತದೆ.

ದುಡ್ಡು, ಸಮಯ

ದುಡ್ಡಿನ ಚಿಂತೆ ಈಗ ಅಷ್ಟಿಲ್ಲ. ಮ್ಯಾಟ್‌ಪವರ್, ಪ್ಯಾಂಡಾಪವರ್, ಓಪನ್‌ಡಿಎಸ್‌ಎಸ್ ಮೂರೂ ಉಚಿತ ಸಾಫ್ಟ್‌ವೇರ್. ಮ್ಯಾಟ್‌ಪವರ್ ದುಡ್ಡು ಕೊಡಬೇಕಾದ ಮ್ಯಾಟ್‌ಲ್ಯಾಬ್ ಬದಲು ಉಚಿತವಾದ ಆಕ್ಟೇವ್‌ನಲ್ಲೂ ಓಡುತ್ತದೆ, ಹಾಗಾಗಿ ಲೈಸೆನ್ಸ್ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ. ಇಎಂಟಿಗೆ ಮಾತ್ರ ಕಾಲೇಜಿನಲ್ಲಿ ಏನಿದೆ ಅಂತ ಮೊದಲೇ ಕೇಳಿಕೊಳ್ಳಿ. ಟಾಪಿಕ್ ಒಪ್ಪಿಸಿ ಆಮೇಲೆ ಪರದಾಡಬೇಡಿ.

ಸಮಯದ ಬಗ್ಗೆ ಒಂದು ಮಾತು. ಮನೆ ಮೇಲಿನ ಸೋಲಾರ್, ಮೋಡ, ಇಂಥ ಅಂದಾಜಿಗೆ ಸಿಗದ ವಿಷಯಗಳಿಗೆ ಮಾಂಟೆ ಕಾರ್ಲೋ, ಅಂದರೆ ಅಂಕಿಗಳನ್ನು ಲಾಟರಿಯಂತೆ ಆರಿಸಿ ಮತ್ತೆಮತ್ತೆ ಲೆಕ್ಕ ಹಾಕುವ ವಿಧಾನ, ಓಡಿಸುತ್ತೀರಿ. ಉತ್ತರ ಹತ್ತು ಪಟ್ಟು ನಿಖರ ಆಗಬೇಕಾದರೆ ನೂರು ಪಟ್ಟು ಓಟ ಬೇಕು. ಒಂದು ರಾತ್ರಿ ಓಡಿದ್ದು ನೂರು ರಾತ್ರಿ ಆಗುತ್ತದೆ. ಪ್ರಾಜೆಕ್ಟ್ ಮುಗಿಸುವ ತಾರೀಕು ನೋಡಿಕೊಂಡು ಶುರು ಮಾಡಿ.

ಮತ್ತೆ ಮಧುಗಿರಿ ಹುಡುಗನ ಹತ್ತಿರ ಬರೋಣ. ಆ ಬೆಳಿಗ್ಗೆ ನನಗೆ ಸ್ವಲ್ಪ ಜಂಬ ಬಂದಿತ್ತು. "ತುದಿಯಲ್ಲಿ 1.2 ಮೆಗಾವಾರ್ ಕೆಪಾಸಿಟರ್ ಹಾಕು, 4 ಮೆಗಾವ್ಯಾಟಿಗೂ ಉತ್ತರ ಬರುತ್ತೆ" ಅಂದೆ. ಕಾಗದದ ಮೇಲೆ ತೋರಿಸಿದೆ ಕೂಡ. ಕೆಪಾಸಿಟರ್ ಅಲ್ಲೇ ಕೊಡುವುದರಿಂದ ಲೈನು ಹೊರಬೇಕಾದ ರಿಯಾಕ್ಟಿವ್ ಪವರ್ ಅರ್ಧ ಇಳಿದು 30.8 ಇದ್ದದ್ದು 26.3ಕ್ಕೆ ಬರುತ್ತದೆ. 7.5 ಗುಣಿಸು 3.5, ಹತ್ತಿರ ಹತ್ತಿರ ಅಷ್ಟೇ. ಅಂದರೆ ತುದಿಯಲ್ಲಿ 7.5 ಕೆವಿ. ಮೋಟ್ರಿಗೆ ಪ್ರಯೋಜನ ಇಲ್ಲ, ಆದರೆ ಉತ್ತರ ಅಂತೂ ಇದೆ.

ಮಧ್ಯಾಹ್ನ ಊಟ ಮುಗಿಸಿ ಬಂದರೆ ಅವನು ಮತ್ತೆ ಬಾಗಿಲಲ್ಲಿ ನಿಂತಿದ್ದ. ಈ ಸಲ ಲ್ಯಾಪ್‌ಟಾಪ್ ತೆರೆದುಕೊಂಡೇ ಬಂದಿದ್ದ. "ಮೇಡಂ, ಕನ್ವರ್ಜ್ ಆಯ್ತು. ಆದ್ರೆ 6.45 ಬರ್ತಿದೆ, 7.5 ಅಲ್ಲ."

ಡೇಟಾ ತಪ್ಪು ಹಾಕಿರಬೇಕು ಅಂತ ಹತ್ತು ನಿಮಿಷ ಅವನ ಫೈಲು ಜಾಲಾಡಿದೆ. ಎಲ್ಲ ಸರಿ ಇತ್ತು. ಆಮೇಲೆ ಹೊಳೆಯಿತು. ಕೆಪಾಸಿಟರ್ ಕೊಡುವ ಮೆಗಾವಾರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. 11 ಕೆವಿಯಲ್ಲಿ 1.2 ಕೊಡುವುದು, ವೋಲ್ಟೇಜ್ ಇಷ್ಟು ಬಿದ್ದಾಗ ಸುಮಾರು 0.4 ಮಾತ್ರ ಕೊಡುತ್ತದೆ. ಬೇಕಾದ ಹೊತ್ತಿಗೇ ಕೈ ಕೊಡುತ್ತದೆ. ಪ್ರತಿ ವರ್ಷ ಕ್ಲಾಸಿನಲ್ಲಿ ನಾನೇ ಹೇಳುವ ಮಾತು. ನನ್ನ ನಾಲ್ಕು ಸಾಲಿನಲ್ಲಿ ಅದನ್ನು ಬಿಟ್ಟಿದ್ದೆ, ಸಾಫ್ಟ್‌ವೇರ್ ಬಿಟ್ಟಿರಲಿಲ್ಲ.

ಅವನು ನಗಲಿಲ್ಲ, ಪಾಪ. ಮೇಜಿನ ಮೇಲಿದ್ದ ಪ್ರಶ್ನೆಪತ್ರಿಕೆ ತೊಗೊಂಡು, ಮಗುಚಿ, ಫೀಡರಿನ ಉದ್ದ 10 ಅಂತ ಬರೆದಿದ್ದನ್ನು ಹೊಡೆದು 5 ಮಾಡಿದ. 30.8 ಅರ್ಧವಾಗಿ 15.4ಕ್ಕೆ ಬಂತು. "ಸಬ್‌ಸ್ಟೇಷನ್ನೇ ಅರ್ಧ ದಾರಿ ಹತ್ತಿರ ಬಂದ್ರೆ 4 ಮೆಗಾವ್ಯಾಟಿಗೂ 9.35 ಮೇಡಂ, ಮೊದಲಿನಷ್ಟೇ" ಅಂದ. ಆಮೇಲೆ ಅದನ್ನೇ ಓಡಿಸಿ ತೋರಿಸಿದ. 9.35 ಬಂತು. ನೂರಕ್ಕೆ 9ಕ್ಕಿಂತ ಜಾಸ್ತಿ ಇಳಿಯಬಾರದು ಅನ್ನುವ ನಿಯಮಕ್ಕೆ ಇನ್ನೂ ಸಾಲದು, 10.01 ಬೇಕು. ಲೋಡನ್ನು ತುದಿಯಿಂದ ಎತ್ತಿ ಹಳ್ಳಿಹಳ್ಳಿಗೆ ಹರಡುವ ಕೆಲಸ ಮರುದಿನದಿಂದ ಶುರು ಮಾಡಿದ. ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದ. ನನಗೆ ವಾಪಸ್ ಕೊಡಲೇ ಇಲ್ಲ.